ಪಬ್ಲಿಕ್ಕಿನ ಕೊನೆಯ ಅಹವಾಲು

"ಕೈ ಬಗ್ತಾ ಇಲ್ಲ ಕಣಮ್ಮ. ಅಂಗೀನ ಹಿಂದುಗಡೆಯಿಂದ ಕತ್ತರಿಸಿಬಿಡು," ಎಂದ ಚಿಕ್ಕಪ್ಪ. "ಮುಂದಿನಿಂದ ನೋಡೋರಿಗೆ ಚೆನ್ನಾಗಿ ಕಂಡ್ರೆ ಸಾಕು."

ಮಗಳು ಕತ್ತರಿ ತೆಗೆದುಕೊಳ್ಳಲಿಲ್ಲ. ಸತ್ತು ಸೆಟೆದಿದ್ದ ಅಪ್ಪನ ಮೊಣಕೈಯನ್ನು ಅಂಗೈಯಲ್ಲಿ ಹಿಡಿದು, ಹಟ ಹಿಡಿದ ಬೀಗವನ್ನು ಅವನು ತನ್ನ ಅಂಗಡಿಯಲ್ಲಿ ಸಮಾಧಾನ ಮಾಡುತ್ತಿದ್ದ ಹಾಗೆ ಮೆಲ್ಲಮೆಲ್ಲಗೆ ಅಲುಗಿಸಿ, ಕೈಯನ್ನು ತೋಳಿನೊಳಗೆ ತೂರಿಸಿದಳು. ಬಿಳಿ ಅಂಗಿ. ಕರೆಂಟು ಮಂಡಳಿಯ ಸಭೆಗೆಂದೇ ಎತ್ತಿಟ್ಟಿದ್ದ ಅಂಗಿ. ನೆಂಟರ ಮದುವೆಗೂ ಅವನು ಅದನ್ನು ಹಾಕಿಕೊಂಡಿರಲಿಲ್ಲ, ಸಭೆಗೆ ಕೊಳೆಯಾಗುತ್ತದೆ ಎಂದು. ಹೋದ ತಿಂಗಳ ಸಭೆಯಿಂದ ಬಂದವನು ಗೂಟಕ್ಕೆ ನೇತುಹಾಕಿದ್ದ, ಒಗೆಯಲು ಹಾಕಿರಲಿಲ್ಲ. ಅವಳೂ ಅದನ್ನು ಮುಟ್ಟಿರಲಿಲ್ಲ. ಬೆಳಿಗ್ಗೆ ನೀರು ಚಿಮುಕಿಸಿ ಇಸ್ತ್ರಿ ಉಜ್ಜಿದ್ದಳು, ಅಷ್ಟೇ.

ಗುಂಡಿ ಹಾಕುವಾಗ ಅಭ್ಯಾಸಬಲದಿಂದ ಜೇಬಿಗೆ ಕೈಹಾಕಿದಳು. ಎಲ್ಲ ಸಭೆಯಿಂದಲೂ ಅವನು ಎರಡು ಬಿಸ್ಕತ್ತು ತರುತ್ತಿದ್ದ, ಕಾಗದದಲ್ಲಿ ಸುತ್ತಿ, ಈ ಜೇಬಿನಲ್ಲೇ. ಇವತ್ತು ಜೇಬು ಖಾಲಿ. ಕೊನೆಯ ಸಲದ್ದನ್ನು ತಾನೇ ತಿಂದುಕೊಂಡು ಬಂದಿದ್ದಾನೆ, ಎಂದುಕೊಂಡಳು. ಅಮ್ಮನ ಸಮಾಧಿಯನ್ನು ಬಿಟ್ಟುಕೊಟ್ಟ ದಿನದ ಬಿಸ್ಕತ್ತು. ರುಚಿಯಾಗಿದ್ದಿರಬೇಕು.

"ಕಾಲರ್ ಸರಿಮಾಡು," ಎಂದ ಚಿಕ್ಕಪ್ಪ. "ಮಂಡಳಿಯಿಂದ ಜನ ಬರ್ತಾರೆ."

ಚಿಕ್ಕಪ್ಪನದು ಬಲ್ಬು-ವೈರಿನ ಅಂಗಡಿ. ಅವನ ಸರಕಿನ ಮುಕ್ಕಾಲು ಪಾಲು ಹೋಗುವುದು ಕರೆಂಟು ಮಂಡಳಿಗೇ. ಹಾಗಾಗಿ ಅಣ್ಣ ಸತ್ತ ದುಃಖದಲ್ಲೂ ಅವನು ಬಾಗಿಲ ಕಡೆ ಒಂದು ಕಣ್ಣಿಟ್ಟಿದ್ದ. ಮಗಳು ಬಸ್ಸಿನಲ್ಲಿ ಕಂಡಕ್ಟರ್. ಟಿಕೆಟ್ ತೆಗೆದುಕೊಳ್ಳದವರು ಕಿಟಕಿಯಾಚೆ ನೋಡುವುದನ್ನು ವರ್ಷಗಟ್ಟಲೆ ಕಂಡವಳು. ಚಿಕ್ಕಪ್ಪನ ಮುಖದಲ್ಲಿ ಅದೇ ಕಿಟಕಿ ಕಾಣುತ್ತಿತ್ತು.

*

ಕರೆಂಟು ಮಂಡಳಿಗೆ ಜನರೆಂದರೆ ಬಹಳ ಮರ್ಯಾದೆ. ಜನರನ್ನು ಕೇಳದೆ ಅದು ಒಂದು ಕಂಬವನ್ನೂ ನೆಡುವುದಿಲ್ಲ. ಕೇಳಿಯಾದ ಮೇಲೆ, ಮೊದಲು ಎಲ್ಲಿ ನೆಡಬೇಕೆಂದಿತ್ತೋ ಅಲ್ಲೇ ನೆಡುತ್ತದೆ. ಹೊಸ ಲೈನು, ಹೊಸ ಸ್ಟೇಷನ್ನು, ಬೂದಿ ಸುರಿಯುವ ಕೊಳ, ಹೊಗೆ ಎಷ್ಟು ಬಿಡಬಹುದೆಂಬ ನಿಯಮ, ಏನೇ ಇರಲಿ, ಮೊದಲು ಸಾರ್ವಜನಿಕ ಅಹವಾಲು ಸಭೆ ಆಗಲೇಬೇಕು. ಸಭೆಯಲ್ಲಿ ಸಾರ್ವಜನಿಕರ ಪೈಕಿ ಒಬ್ಬರಾದರೂ ಎದ್ದು ನಿಂತು ತಮ್ಮ ಅಭಿಪ್ರಾಯವನ್ನು ಬಾಯಿಬಿಟ್ಟು ಹೇಳಲೇಬೇಕು. ಕಾಯಿದೆ ಅಂದರೆ ಕಾಯಿದೆ. ಸಭೆಯ ನೋಟೀಸನ್ನು ಕಚೇರಿಯ ಹಿಂದಿನ ಮೆಟ್ಟಿಲ ಹತ್ತಿರ, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಹಿಂದೆ ಅಂಟಿಸುತ್ತಿದ್ದರು. ಅಂಟಿಸಿದವನನ್ನು ಬಿಟ್ಟರೆ ಅದನ್ನು ಓದಿದವರಿಲ್ಲ.

ಹಾಗಾಗಿ ಸಭೆಯ ದಿನ ಅಧಿಕಾರಿಗಳು ಇರುತ್ತಿದ್ದರು, ಮೈಕು ಇರುತ್ತಿತ್ತು, ಚಹಾ ಇರುತ್ತಿತ್ತು, ಸಾರ್ವಜನಿಕರು ಇರುತ್ತಿರಲಿಲ್ಲ. ಅಂಥದೊಂದು ದಿನ ಮಂಡಳಿಯ ಜವಾನ ರಸ್ತೆ ದಾಟಿ ಬಂದ. ಎದುರಿಗೇ ಅಪ್ಪನ ಅಂಗಡಿ: ಒಂದು ಬೆಂಚು, ಒಂದು ಅರ, ಗೋಡೆಯ ತುಂಬ ಬೀಗದ ಕೈಗಳು.

"ಸ್ವಲ್ಪ ಬಂದು ಕೂತ್ಕೊಳ್ಳಿ," ಎಂದ ಜವಾನ. "ಏನೂ ಮಾಡೋದು ಬೇಡ. ಒಳಗೆ ಫ್ಯಾನ್ ಇದೆ."

ಅಪ್ಪ ಫ್ಯಾನಿನ ಆಸೆಗೆ ಹೋದ. ಮುಂದಿನ ಸಾಲಿನಲ್ಲಿ ಕೂರಿಸಿದರು. ಕೊನೆಗೆ ಸಾಹೇಬರು ಕನ್ನಡಕ ತೆಗೆದು, "ಸಾರ್ವಜನಿಕರಿಂದ ಏನಾದರೂ ಆಕ್ಷೇಪಣೆ?" ಎಂದು ಕೇಳಿದರು. ಅಪ್ಪ ಹಿಂತಿರುಗಿ ನೋಡಿದ. ಹಿಂದೆ ಬರೀ ಕುರ್ಚಿಗಳು. ಸಾರ್ವಜನಿಕರು ಅಂದರೆ ತಾನೇ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಎದ್ದು ನಿಂತು, "ನನ್ನದೇನೂ ಆಕ್ಷೇಪಣೆ ಇಲ್ಲ," ಎಂದ. ಸಾಹೇಬರು ಇಳಿದು ಬಂದು ಅವನ ಕೈ ಕುಲುಕಿದರು.

ಆಗಬಾರದ್ದು ಆಗಿದ್ದು ಅಲ್ಲೇ. ಜಿಡ್ಡು ಮೆತ್ತಿದ ಆ ಕೈಯನ್ನು ಅದುವರೆಗೆ ಯಾರೂ ಕುಲುಕಿರಲಿಲ್ಲ. ಚಿಲ್ಲರೆಯನ್ನು ಕೂಡ ಬೆಂಚಿನ ಮೇಲಿಟ್ಟು ಹೋಗುತ್ತಿದ್ದರು. ಆ ಸಂಜೆ ಮನೆಗೆ ಬಂದವನು ಬಲಗೈಯನ್ನು ತುಸು ಮುಂದೆ ಚಾಚಿಕೊಂಡೇ ಓಡಾಡಿದ. ಹೆಂಡತಿಗೆ ಹೇಳಿದ, "ಸಾಹೇಬ್ರು ನನ್ನನ್ನ ಕೇಳಿದ್ರು ಕಣೇ. ನಾನು ಹೂಂ ಅಂದ ಮೇಲೇ ಮುಂದಿನ ಕೆಲಸ."

ಮುಂದೆ ಎಲ್ಲ ಸಭೆಗೂ ಅವನೇ. ಜವಾನ ಬಾಗಿಲಲ್ಲಿ ನಿಂತು ಕೈ ಬೀಸಿದರೆ ಸಾಕು, ಶಟರ್ ಎಳೆದು, ಅಂಗಿ ಬದಲಿಸಿ ಹೊರಡುತ್ತಿದ್ದ. ಊರಿನವರು ಅವನಿಗೆ ಪಬ್ಲಿಕ್ ಎಂದು ಹೆಸರಿಟ್ಟರು. ಲೇವಡಿಗೆ ಇಟ್ಟ ಹೆಸರನ್ನು ಬಿರುದು ಎಂದುಕೊಂಡ ಮನುಷ್ಯ ಅವನು. ಸಭೆಯ ಬೆಳಿಗ್ಗೆ ಕನ್ನಡಿಯ ಮುಂದೆ ಗಂಟಲು ಸರಿಮಾಡಿಕೊಂಡು ಅಭ್ಯಾಸ ಮಾಡುತ್ತಿದ್ದ. ಇದ್ದದ್ದು ಒಂದೇ ವಾಕ್ಯ. ಅದಕ್ಕೂ ಅಭ್ಯಾಸ.

ಊರ ಪಕ್ಕದ ಬೂದಿ ಕೊಳಕ್ಕೆ ಅವನದೇನೂ ಆಕ್ಷೇಪಣೆ ಇರಲಿಲ್ಲ. ಹಾರುವ ಬೂದಿಯ ಮಿತಿಯನ್ನು ಸಡಿಲಿಸುವ ನಿಯಮ ಬಂದಾಗಲೂ ಇರಲಿಲ್ಲ. ಬೂದಿ ಮಾತ್ರ ಯಾರನ್ನೂ ಕೇಳದೆ ಬಂದು ಒಗೆದ ಬಟ್ಟೆಯ ಮೇಲೆ, ತೊಳೆದ ತಟ್ಟೆಯ ಮೇಲೆ ಕೂರತೊಡಗಿತು. ಅಮ್ಮ ದಿನವೂ ಒರೆಸಿದ್ದನ್ನೇ ಒರೆಸುತ್ತಿದ್ದಳು, ಕೆಮ್ಮುತ್ತಿದ್ದಳು.

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದಳು ಒಂದು ದಿನ, ಅವನು ಬಿಸ್ಕತ್ತಿನ ಪೊಟ್ಟಣ ಬಿಚ್ಚುತ್ತಿದ್ದಾಗ. "ಊರೋರ ಬೀಗವೆಲ್ಲ ತೆಗೀತೀರಿ. ನಿಮ್ಮ ಬಾಯಿಗೆ ಹಾಕಿರೋದನ್ನ ಯಾವತ್ತು ತೆಗೀತೀರಿ?"

"ನಿನಗೆ ಇದೆಲ್ಲ ಅರ್ಥ ಆಗಲ್ಲ," ಎಂದ ಅಪ್ಪ. "ಸಾರ್ವಜನಿಕ ಹಿತ ಅಂತ ಒಂದಿರುತ್ತೆ."

ಸಾರ್ವಜನಿಕ ಹಿತದ ಕೆಮ್ಮು ಅಮ್ಮನ ಎದೆಯಲ್ಲಿ ಚೆನ್ನಾಗಿ ಬೇರುಬಿಟ್ಟಿತು. ಅವಳನ್ನು ಸ್ಮಶಾನದ ಪೂರ್ವದ ಅಂಚಿನಲ್ಲಿ, ಬೇಲಿಗೆ ಹತ್ತಿರವಾಗಿ ಮಣ್ಣು ಮಾಡಿದರು. ಪಕ್ಕದಲ್ಲಿ ಒಬ್ಬರು ಮಲಗುವಷ್ಟು ಜಾಗ ಬಿಟ್ಟಿರು ಎಂದು ಅಪ್ಪ ಗುಂಡಿ ತೋಡುವವನಿಗೆ ಹೇಳಿದ್ದ. ಅವನು ಬದುಕಿನಲ್ಲಿ ಕೇಳಿ ಪಡೆದುಕೊಂಡದ್ದು ಅದೊಂದೇ ಇರಬೇಕು.

*

ಮಂಡಳಿಯ ಹೂಮಾಲೆ ಜವಾನನ ಕೈಯಲ್ಲಿ ಬಂತು. ಚಕ್ರದ ಹಾಗೆ ದೊಡ್ಡದು, ನಡುವೆ ಮಂಡಳಿಯ ಮುದ್ರೆಯ ಪಟ್ಟಿ. ಜವಾನ ಅದನ್ನು ಹೆಣದ ಕಾಲ ಬಳಿ ಒರಗಿಸಿ, ಕೈಮುಗಿದು, ಬಹಳ ಹೊತ್ತು ನಿಂತ. ಮುದುಕನಾಗಿದ್ದ. ಆಮೇಲೆ ಚಿಕ್ಕಪ್ಪನ ಕಿವಿಯಲ್ಲಿ ಏನೋ ಹೇಳಿದ.

"ಗಟ್ಟಿಯಾಗೇ ಹೇಳಿ," ಎಂದಳು ಮಗಳು. "ಸತ್ತಿರೋದು ನಮ್ಮಪ್ಪ. ಗುಟ್ಟು ಯಾಕೆ?"

ಜವಾನ ನೆಲ ನೋಡಿದ. "ಇವತ್ತು ಮಧ್ಯಾಹ್ನ ಸಭೆ ಇದೆಯಮ್ಮ. ಅದೇ, ಸ್ಮಶಾನದ ಟವರಿನದು. ಹೋದ ತಿಂಗಳು ಮುಂದಕ್ಕೆ ಹೋಗಿತ್ತಲ್ಲ, ಅದು. ಸಾಹೇಬ್ರು ಕೇಳಿ ಕಳಿಸಿದ್ರು, ಮನೆಯೋರು ಯಾರಾದ್ರೂ ಒಬ್ಬರು ಬಂದು... ಅರ್ಧ ಗಂಟೆ ಕೂತಿದ್ರೆ..."

ಎದುರುಮನೆಯ ಟೈಲರಮ್ಮ ಸೆರಗಿನಲ್ಲಿ ಮೂಗು ಒರೆಸುತ್ತಿದ್ದವಳು ಕೈ ಕೆಳಗಿಳಿಸಿದಳು. "ಹೆಣ ಇನ್ನೂ ಮನೇಲಿದೆ," ಎಂದಳು. "ಅಷ್ಟರಲ್ಲೇ ಕುರ್ಚಿಗೆ ಜನ ಹುಡುಕೋಕೆ ಬಂದ್ರಾ?"

"ನಾನು ಹೋಗ್ತೀನಿ," ಎಂದ ಚಿಕ್ಕಪ್ಪ. "ಅಣ್ಣನ ಜಾಗ ಖಾಲಿ ಬಿಡಬಾರ್ದು. ನೀವು ಹೊರಡಿ, ದಾರೀಲಿ ಬಂದು ಸೇರ್ಕೋತೀನಿ. ಒಂದು ಮಾತು ಹೇಳೋದು ತಾನೆ."

"ಯಾವ ಮಾತು?" ಎಂದಳು ಮಗಳು.

"ಅದೇ. ಅಣ್ಣ ಹೇಳ್ತಿದ್ದ ಮಾತು."

"ಅದನ್ನ ಅಪ್ಪ ಹೋದ ತಿಂಗಳೇ ಹೇಳಿ ಬಂದಾಯ್ತಲ್ಲ. ಎಷ್ಟು ಸಲ ಹೇಳಬೇಕಂತೆ?"

ಜವಾನ ತಲೆಯೆತ್ತಿದ. "ಯಾರು ಹೇಳಿದ್ರು ನಿಮಗೆ?"

*

ಹೋದ ತಿಂಗಳು ನಡೆದದ್ದು ಇಷ್ಟು. ದೊಡ್ಡ ಲೈನು ಸ್ಮಶಾನದ ಪೂರ್ವದ ಅಂಚಿನ ಮೇಲೆ ಹೋಗುತ್ತದೆ, ಟವರಿನ ಒಂದು ಕಾಲು ಬೇಲಿಯ ಪಕ್ಕದ ಸಮಾಧಿಗಳ ಮೇಲೇ ಬರುತ್ತದೆ ಎಂಬ ಸುದ್ದಿ ಬಸ್ಸಿನಲ್ಲಿ ಮಗಳ ಕಿವಿಗೆ ಬಿದ್ದಿತ್ತು. ಮನೆಗೆ ಬಂದರೆ ಅಪ್ಪ ಕನ್ನಡಿಯ ಮುಂದೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

"ಹೋಗಬೇಡ," ಎಂದಳು.

"ಕರೆದಿದಾರೆ."

"ಅಲ್ಲಿ ಅಮ್ಮ ಇದ್ದಾಳೆ ಅಪ್ಪ."

"ಗೊತ್ತು," ಎಂದು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಹೋದ.

ಕತ್ತಲಾಗುವ ಹೊತ್ತಿಗೆ ಬಂದ. ಕಾಲು ಊದಿಕೊಂಡಿತ್ತು. ಅವಳು ಬಾಗಿಲಲ್ಲೇ ನಿಂತು ಕೇಳಿದಳು, "ಅಮ್ಮನ ಎದೆ ಮೇಲೆ ಕಬ್ಬಿಣ ನೆಡಿಸಿ ಬಂದೆಯಾ?" ಅವನು ಉತ್ತರ ಹೇಳದೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಮೌನಂ ಸಮ್ಮತಿ ಲಕ್ಷಣಂ, ಅವಳು ಹಾಗೇ ಲೆಕ್ಕ ಹಾಕಿದಳು. ಅಂದಿನಿಂದ ಅವನೊಡನೆ ಮಾತು ಬಿಟ್ಟಳು. ಊಟದ ತಟ್ಟೆಯನ್ನು ಅವನ ಮುಂದೆ ಇಡುತ್ತಿರಲಿಲ್ಲ, ನೆಲದ ಮೇಲೆ ದೂಡುತ್ತಿದ್ದಳು. ಅವನು ಉಂಡು, ತಟ್ಟೆ ತೊಳೆದಿಟ್ಟು, ಅಂಗಡಿಗೆ ಹೋಗುತ್ತಿದ್ದ. ನಿನ್ನೆ ಅಂಗಡಿಯ ಬೆಂಚಿನ ಮೇಲೆ ತಲೆಯಿಟ್ಟು ಕೂತಿದ್ದವನನ್ನು, ಅರದ ಕೆಲಸ ಮಾಡುತ್ತಿದ್ದಾನೆಂದು ದಾರಿಹೋಕರೆಲ್ಲ ನೋಡಿಕೊಂಡು ಹೋಗಿದ್ದರು.

*

"ಅವರು ಹೇಳಲಿಲ್ಲಮ್ಮ," ಎಂದ ಜವಾನ. "ಸಾಹೇಬ್ರು ಕೇಳಿದ್ರು, ಆಕ್ಷೇಪಣೆ ಇದೆಯಾ ಅಂತ. ನಿಮ್ಮಪ್ಪ ಎದ್ದು ನಿಂತ್ರು. ನಾವು ಕಾದೆವು. ಬಾಯಿ ತೆಗೀತಾರೆ, ಮುಚ್ಚುತಾರೆ. ಮಾತು ಬರ್ಲಿಲ್ಲ. 'ಹೇಳಿ ಪಬ್ಲಿಕ್' ಅಂದ್ರು ಸಾಹೇಬ್ರು. ಇವರು ನಿಂತೇ ಇದ್ರು."

"ಆಮೇಲೆ?"

"ಸುಮ್ಮನಿದ್ರೆ ಒಪ್ಪಿಗೆ ಅಂತ ಬರ್ಕೊಳ್ಳೋಣ ಅಂದ್ರು ಸಾಹೇಬ್ರು. ಗುಮಾಸ್ತರು, ಅದು ಹೇಗಾಗುತ್ತೆ ಸಾರ್, ಸಾರ್ವಜನಿಕರು ಎದ್ದು ನಿಂತಿರುವಾಗ ಸಭೆ ಮುಗಿಸೋ ಹಾಗಿಲ್ಲ, ಅವರು ಕೂರ್ಬೇಕು ಅಂದ್ರು. ಕೂತ್ಕೊಳ್ಳಿ ಅಂದ್ರು ಎಲ್ಲರೂ. ಕೂರ್ಲಿಲ್ಲ. ಚಹಾ ಕೊಟ್ಟೆ, ಮುಟ್ಟಲಿಲ್ಲ. ಬಿಸ್ಕತ್ತು ಹಾಗೇ ಇತ್ತು. ಕೊನೆಗೆ ಫ್ಯಾನ್ ಆರಿಸಿ, ಸಭೆ ಮುಂದಕ್ಕೆ ಅಂತ ಬರೆದು, ಎಲ್ಲ ಎದ್ದು ಹೋದ್ರು. ಕುರ್ಚಿ ಮಡಚಿಡೋವರೆಗೂ ನಿಂತಿದ್ರಮ್ಮ ಅವರು."

ಟೈಲರಮ್ಮ ಮತ್ತೆ ಅಳತೊಡಗಿದಳು. ಮಗಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೊದಲು ಮಂಡಳಿಯ ಮೇಲೆ, ಆಮೇಲೆ ತನ್ನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಕಾಲರ್ ನೆಟ್ಟಗೆ ಮಾಡಿಕೊಂಡು ಮಲಗಿದ್ದ ಈ ಮನುಷ್ಯನ ಮೇಲೆ. ಇಲ್ಲ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಎರಡೇ ಅಕ್ಷರ. ಜೀವಮಾನವಿಡೀ ಬಾಯಿಪಾಠ ಮಾಡಿದ ವಾಕ್ಯದ ಕೊನೆಯ ಮಾತೇ ಅದು. ಅಷ್ಟನ್ನೂ ಹೇಳಲಾರದೆ ಕಾಲು ಊದುವವರೆಗೆ ನಿಂತು ಬಂದನಲ್ಲ. ಬಂದವನು ಮನೆಯಲ್ಲಾದರೂ ಹೇಳಬಾರದಿತ್ತೆ? ಹೇಳಿದ್ದರೆ ತಟ್ಟೆಯನ್ನು ಕೈಯಲ್ಲೇ ಕೊಡುತ್ತಿದ್ದಳು.

"ಹೊರಡೋಣ," ಎಂದಳು. "ಎತ್ತಿ."

*

ಸ್ಮಶಾನದ ದಾರಿ ಮಂಡಳಿಯ ಸಭಾಭವನದ ಮುಂದೆಯೇ ಹೋಗುತ್ತದೆ. ಚಿಕ್ಕಪ್ಪ ಜವಾನನನ್ನು ಹಿಂದೆ ಕೂರಿಸಿಕೊಂಡು ಮುಂಚೆಯೇ ಸ್ಕೂಟರಿನಲ್ಲಿ ಹೋಗಿಯಾಗಿತ್ತು. ಚಟ್ಟ ಭವನದ ಎದುರು ಬಂದಾಗ ಮಗಳು ಬಸ್ಸಿನ ಬದಿಯನ್ನು ಬಡಿಯುವ ಹಾಗೆ ಬಿದಿರನ್ನು ಎರಡು ಸಲ ಬಡಿದಳು.

"ಇಲ್ಲಿ ಇಳಿಸಿ."

"ಇಲ್ಲೇನಾ?" ಎಂದ ಹೊತ್ತವರಲ್ಲೊಬ್ಬ. "ದಾರೀಲಿ ಇಳಿಸಬಾರ್ದು ಕಣಮ್ಮ."

"ಇಷ್ಟು ವರ್ಷ ಇದೇ ಸ್ಟಾಪಲ್ಲಿ ಇಳಿದೋನು ಅವನು. ಇಳಿಸಿ."

ಜಗಲಿಯ ಎರಡು ಬೆಂಚು ಜೋಡಿಸಿ ಅದರ ಮೇಲೆ ಇಳಿಸಿದರು. ಜೊತೆಗೆ ಬಂದವರು ಸುತ್ತ ನಿಂತರು: ಬೀದಿಯವರು, ಬಸ್ ಡಿಪೋದವರು, ಬೀಗ ರಿಪೇರಿಗೆ ಕೊಟ್ಟು ಇನ್ನು ಯಾರನ್ನು ಕೇಳುವುದೆಂದು ತಿಳಿಯದೆ ಬಂದಿದ್ದ ಒಬ್ಬ. ಒಳಗಿನಿಂದ ಫೋಟೋ ತೆಗೆಯುವವನು ಓಡಿ ಬಂದ. ಖಾಲಿ ಕುರ್ಚಿಗಳನ್ನು ಯಾವ ಕೋನದಿಂದ ತೆಗೆದರೆ ತುಂಬಿದ ಹಾಗೆ ಕಾಣುತ್ತದೆಂದು ಬೆಳಿಗ್ಗೆಯಿಂದ ತಲೆ ಕೆಡಿಸಿಕೊಂಡಿದ್ದವನು ಅವನು. ಬಾಗಿಲಲ್ಲಿ ಅಷ್ಟು ಜನರನ್ನು ಕಂಡು ಅವನ ಮುಖ ಅರಳಿತು.

"ಸ್ವಲ್ಪ ಹತ್ತಿರ ಬನ್ನಿ ಎಲ್ಲರೂ. ಆ... ಮಲಗಿರೋರನ್ನ ಮರೆಮಾಡಿ ನಿಂತ್ಕೊಳ್ಳಿ. ಹಾಂ, ಸಾಕು."

ಆ ಫೋಟೋದಲ್ಲಿ ಎಲ್ಲರೂ ಗಂಭೀರವಾಗಿ ಇದ್ದರು. ಮಂಡಳಿಯ ವರದಿಗೆ ಅಷ್ಟು ಒಳ್ಳೆಯ ಸಾರ್ವಜನಿಕರು ಹಿಂದೆಂದೂ ಸಿಕ್ಕಿರಲಿಲ್ಲ.

ಒಳಗೆ ಚಿಕ್ಕಪ್ಪ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದ. ಜವಾನ ಅವನ ಮುಂದೆ ಚಹಾ ಇಟ್ಟು, ತಟ್ಟೆಯಲ್ಲಿ ಎರಡು ಬಿಸ್ಕತ್ತು ಇಟ್ಟು, ಹಿಂದೆ ಸರಿದ. ವೇದಿಕೆಯ ಮೇಲಿದ್ದ ಸಾಹೇಬರಿಗೆ ವಯಸ್ಸು ಹೆಚ್ಚಿರಲಿಲ್ಲ. ಕೈ ಕುಲುಕಿದ ಹಳೆಯ ಸಾಹೇಬರ ನಂತರ ಬಂದ ನಾಲ್ಕನೆಯವರೋ ಐದನೆಯವರೋ. ಸಾಹೇಬರು ಬದಲಾಗುತ್ತಿದ್ದರು, ಪಬ್ಲಿಕ್ ಮಾತ್ರ ಒಬ್ಬನೇ ಇದ್ದ.

"ಮೊದಲಿಗೆ," ಎಂದರು ಸಾಹೇಬರು ಮೈಕಿನಲ್ಲಿ, "ನಮ್ಮನ್ನಗಲಿದ ಹಿರಿಯ ಸಾರ್ವಜನಿಕರಿಗೆ ಒಂದು ನಿಮಿಷ ಮೌನ." ಎದ್ದು ನಿಂತು, ತಲೆ ತಗ್ಗಿಸಿ, ತಗ್ಗಿಸಿದ ಕಡೆಯೇ ಇದ್ದ ಕೈಗಡಿಯಾರ ನೋಡಿಕೊಂಡರು. ಆಮೇಲೆ ಟವರಿನ ಎತ್ತರ, ಲೈನಿನ ಶಕ್ತಿ, ಊರಿನ ಅಭಿವೃದ್ಧಿ ಎಲ್ಲವನ್ನೂ ಗುಮಾಸ್ತರು ಉಸಿರು ತೆಗೆದುಕೊಳ್ಳದೆ ಓದಿದರು. "ಸಾರ್ವಜನಿಕರಿಂದ ಏನಾದರೂ ಆಕ್ಷೇಪಣೆ?"

ಚಿಕ್ಕಪ್ಪ ಎದ್ದ. ಅಣ್ಣನ ಒಂದು ವಾಕ್ಯಕ್ಕೆ ಅವನು ಹತ್ತು ಸೇರಿಸಿದ. ಮಂಡಳಿಯ ಬೆಳಕು, ಸಾಹೇಬರ ದೂರದೃಷ್ಟಿ, ತನ್ನ ಅಂಗಡಿಯ ವಿಳಾಸ ಎಲ್ಲ ಬಂದವು. ಕೊನೆಯಲ್ಲಿ, "ನಮ್ಮ ಕುಟುಂಬದಿಂದ ಏನೂ ಆಕ್ಷೇಪಣೆ ಇಲ್ಲ," ಎಂದು ಕೂತು ಬಿಸ್ಕತ್ತಿಗೆ ಕೈಹಾಕಿದ.

"ಇದೆ," ಎಂದಳು ಮಗಳು.

ಅವಳು ಬಾಗಿಲಲ್ಲೇ ನಿಂತಿದ್ದಳು. ಹಿಂದಿನ ಸೀಟಿನವರಿಗೂ ಊರಿನ ಹೆಸರು ಕೇಳಿಸುವಂತೆ ಕೂಗಿ ಪಳಗಿದ ಗಂಟಲು; ಮೈಕು ಬೇಕಾಗಲಿಲ್ಲ. "ಅಲ್ಲಿ ನಮ್ಮಮ್ಮ ಇದ್ದಾಳೆ. ಅವಳ ಪಕ್ಕದ ಜಾಗ ನಮ್ಮಪ್ಪಂದು. ಟವರ್ ಕಾಲು ಅಲ್ಲಿ ಬೇಡ. ಬೇಲಿಯಾಚೆ ನಿಮ್ಮದೇ ಬಯಲಿದೆ, ಅಧಿಕಾರಿಗಳು ಸಾಯಂಕಾಲ ಬ್ಯಾಟು ಹಿಡ್ಕೊಂಡು ಕುಣಿಯೋ ಜಾಗ. ಅಲ್ಲಿ ನೆಡಿ."

ಸಾಹೇಬರು ನಕ್ಕರು. ಬಹಳ ಮೃದುವಾದ ನಗು. "ನಿಮ್ಮ ಭಾವನೆಗಳನ್ನ ಮಂಡಳಿ ಗೌರವಿಸುತ್ತೆ ಅಮ್ಮ."

"ಭಾವನೆ ಅಲ್ಲ ಸಾರ್, ಆಕ್ಷೇಪಣೆ."

"ಅದನ್ನೂ ಬರ್ಕೋತೀವಿ. ಎಲ್ಲಾನೂ ಪರಿಶೀಲಿಸಿ, ತಿಂಗಳೊಳಗೆ ತೀರ್ಮಾನ."

"ತೀರ್ಮಾನ ಆಗಿಬಿಟ್ಟಿದೆ ಅಂತಾರಲ್ಲ ಜನ?"

"ಛೆ, ಯಾರು ಹೇಳಿದ್ದು? ನಿಮ್ಮನ್ನ ಕೇಳದೆ ಹೇಗಾಗುತ್ತೆ? ಸಭೆ ಕರೆಯೋದೇ ಅದಕ್ಕೆ." ಮೂಗಿಗೆ ತುಪ್ಪ ಸವರುವ ಕೆಲಸದಲ್ಲಿ ಸಾಹೇಬರ ಕೈ ಪಳಗಿತ್ತು, ತುಪ್ಪದ ಪಾತ್ರೆಯನ್ನೇ ಬಗ್ಗಿಸಿಬಿಟ್ಟರು. "ಈ ಕ್ಷಣಕ್ಕೆ ಆ ಸ್ಮಶಾನದಲ್ಲಿ ಮಂಡಳೀದು ಅನ್ನೋದು ಒಂದು ಹುಲ್ಲುಕಡ್ಡೀನೂ ಇಲ್ಲ. ಗುಮಾಸ್ತರೇ, ಇದನ್ನೂ ಬರ್ಕೊಳ್ಳಿ."

ಗುಮಾಸ್ತರು ಬರೆದುಕೊಂಡರು. ಬಾಗಿಲ ಬಳಿ ನಿಂತಿದ್ದವರೆಲ್ಲ ಕೇಳಿಸಿಕೊಂಡರು. ಮಗಳು ಹೊರಗೆ ಬಂದು ಬಿದಿರನ್ನು ಮತ್ತೆ ಎರಡು ಸಲ ಬಡಿದಳು. ಜವಾನ ಟ್ರೇಯನ್ನು ಕಿಟಕಿಯಲ್ಲಿಟ್ಟು ಬಂದು ಒಂದು ತುದಿಗೆ ಹೆಗಲು ಕೊಟ್ಟ.

*

ಸ್ಮಶಾನದ ಪೂರ್ವದ ಅಂಚಿನಲ್ಲಿ ಹಳದಿ ಬಣ್ಣದ ಮಣ್ಣು ತೋಡುವ ಯಂತ್ರ ನಿಂತಿತ್ತು. ಅದರ ನೆರಳಲ್ಲಿ ಡ್ರೈವರೂ ಗುಂಡಿ ತೋಡುವ ಮುದುಕನೂ ಬೀಡಿ ಸೇದುತ್ತಿದ್ದರು. ಅಮ್ಮನ ಸಮಾಧಿಯ ಪಕ್ಕದಲ್ಲಿ, ಅಪ್ಪ ಕೇಳಿ ಬಿಡಿಸಿಕೊಂಡಿದ್ದ ಜಾಗದಲ್ಲಿ, ಗುಂಡಿ ಸಿದ್ಧವಾಗಿತ್ತು. ಚೌಕದ ಗುಂಡಿ. ಅಂಚು ಅಲಗಿನಲ್ಲಿ ಕತ್ತರಿಸಿದ ಹಾಗೆ ನೇರ, ಒಳಗೆ ಇಳಿದರೆ ಆಳು ಕಾಣದಷ್ಟು ಆಳ. ನಾಲ್ಕು ಮೂಲೆಗೂ ಕೆಂಪು ಬಣ್ಣ ಬಳಿದ ಗೂಟ. ಒಂದು ಗೂಟ ಅಮ್ಮನ ತಲೆಯ ಮಗ್ಗುಲಲ್ಲೇ ಇಳಿದಿತ್ತು.

"ನೀವೇ ಯಂತ್ರ ಕಳಿಸಿದೀರಿ ಅಂದ್ಕೊಂಡೆ ತಾಯಿ," ಎಂದ ಮುದುಕ, ಬೀಡಿ ಆರಿಸುತ್ತ. "ಬೆಳಿಗ್ಗೆ ಬಂತು. ನೀವು ಹೇಳಿದ್ದ ಜಾಗದಲ್ಲೇ ತೋಡಿತು. ನನಗೆ ಕೆಲಸ ಉಳೀತು ಅಂತ ಸುಮ್ಮನಿದ್ದೆ. ಅಗಲ ಸ್ವಲ್ಪ ಜಾಸ್ತಿ ಆಯ್ತು, ಅದಕ್ಕೇನಂತೆ."

ಅರ್ಥ ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ಆಯಿತು. ಅಲ್ಲಿ ಸಭೆಯಲ್ಲಿ ಅವರನ್ನು ಕೇಳುತ್ತಿದ್ದಾಗ ಇಲ್ಲಿ ಟವರಿನ ಕಾಲಿಗೆ ತೋಡಿ ಮುಗಿದಿತ್ತು. ಡಿಪೋದವನೊಬ್ಬ ಹಲ್ಲು ಕಡಿದು ಬೈದ. ಸ್ಕೂಟರಿನಲ್ಲಿ ಬಂದು ತಲುಪಿದ ಚಿಕ್ಕಪ್ಪ ಗುಂಡಿ ನೋಡಿ, ಗೂಟ ನೋಡಿ, ಅಣ್ಣನ ಕಡೆ ನೋಡಿದ.

"ಇದು ಮಂಡಳಿ ಗುಂಡಿ," ಎಂದ. "ಇದನ್ನ ಮುಟ್ಟೋದು ಬೇಡ. ಆ ಕಡೆ ಇನ್ನೊಂದು ತೋಡಿಸೋಣ."

"ಯಾರ ಗುಂಡಿ?" ಎಂದಳು ಮಗಳು.

"ಮಂಡಳೀದಮ್ಮ. ಗೂಟ ಕಾಣಲ್ವಾ?"

"ಈಗ ತಾನೇ ಸಾಹೇಬ್ರು ಹೇಳಿದ್ರಲ್ಲ ಚಿಕ್ಕಪ್ಪ, ನೀನು ಬಿಸ್ಕತ್ತು ತಿಂತಿರೋವಾಗ. ಇಲ್ಲಿ ಮಂಡಳೀದು ಒಂದು ಹುಲ್ಲುಕಡ್ಡೀನೂ ಇಲ್ಲ ಅಂತ. ಹುಲ್ಲುಕಡ್ಡಿ ಇಲ್ಲದೋರಿಗೆ ಇಷ್ಟು ದೊಡ್ಡ ಗುಂಡಿ ಎಲ್ಲಿಂದ ಬಂತು?" ಜವಾನನ ಕಡೆ ತಿರುಗಿದಳು. "ನೀವೂ ಕೇಳಿಸಿಕೊಂಡ್ರಲ್ಲ?"

ಜವಾನ ಹೆಗಲ ಮೇಲಿನ ಭಾರ ಸರಿಮಾಡಿಕೊಂಡ. "ಕೇಳಿಸಿಕೊಂಡೆ. ತಿಂಗಳಾಗುತ್ತಂತೆ ತೀರ್ಮಾನಕ್ಕೆ," ಎಂದ, ಸಾಹೇಬರ ಮುಂದೆ ನಿಂತಾಗಿನ ಅದೇ ಮುಖದಲ್ಲಿ. "ಗುಮಾಸ್ತರು ಬರ್ಕೊಂಡಿದಾರೆ."

"ನಾಳೆ ಸಾಹೇಬ್ರು ಕೇಳಿದ್ರೆ ನಾನೇನು ಹೇಳ್ಲಿ?" ಎಂದ ಚಿಕ್ಕಪ್ಪ.

"ಈಗ ನೀನೇ ಅಲ್ವಾ ಪಬ್ಲಿಕ್ಕು. ಆಕ್ಷೇಪಣೆ ಇದ್ರೆ ಇಲ್ಲೇ ಹೇಳಿಬಿಡು."

ಚಿಕ್ಕಪ್ಪ ಸುತ್ತಲಿನ ಮುಖಗಳನ್ನು ನೋಡಿದ. ಬಾಯಿ ತೆರೆದ, ಮುಚ್ಚಿದ. ಬಿಸ್ಕತ್ತಿನ ಪುಡಿ ಇನ್ನೂ ಮೀಸೆಯಲ್ಲಿತ್ತು.

"ಇಳಿಸಿ," ಎಂದಳು ಮಗಳು.

ಇಳಿಸುವುದು ಸುಲಭವಾಗಲಿಲ್ಲ. ಇಬ್ಬರು ಒಳಗೆ ಹಾರಿ ಕೈಚಾಚಿ ಪಡೆದುಕೊಂಡು, ಅವನನ್ನು ಅಮ್ಮನ ಮಗ್ಗುಲಿಗೆ ಹತ್ತಿರವಾಗಿ ಮಲಗಿಸಿದರು. ಅಷ್ಟು ದೊಡ್ಡ ಗುಂಡಿಯಲ್ಲಿ ಅವನು ತೀರ ಚಿಕ್ಕದಾಗಿ ಕಂಡ. ಮೇಲಿನಿಂದ ನೋಡಿದರೆ ಬಿಳಿ ಅಂಗಿಯೊಂದೇ ಕಾಣುತ್ತಿತ್ತು. ಮಗಳು ಮೊದಲ ಹಿಡಿ ಮಣ್ಣು ಹಾಕಿದಳು. "ಬಾಯಿಬಿಟ್ಟು ಹೇಳಬಾರ್ದಿತ್ತಾ ಅಪ್ಪ," ಎಂದಳು, ಅವನಿಗೆ ಮಾತ್ರ ಕೇಳಿಸುವಷ್ಟು. ಆಗ ಅಳು ಬಂತು, ತಡೆಯಲಿಲ್ಲ.

ಎಲ್ಲರೂ ಹಿಡಿ ಹಿಡಿ ಹಾಕಿದರು. ಗುಂಡಿ ತುಂಬುವ ಲಕ್ಷಣ ಕಾಣಲಿಲ್ಲ. ಮುದುಕ ಗುದ್ದಲಿ ಹಿಡಿದು ಸ್ವಲ್ಪ ಎಳೆದು, ಸೊಂಟ ಹಿಡಿದುಕೊಂಡು ನಿಂತ. ಯಂತ್ರದ ಡ್ರೈವರ್ ಅಷ್ಟು ಹೊತ್ತೂ ಟೋಪಿ ಕೈಯಲ್ಲಿ ಹಿಡಿದು ದೂರ ನಿಂತಿದ್ದವನು ಹತ್ತಿರ ಬಂದ.

"ನಾನು ಮುಚ್ಚಲಾ ಅಕ್ಕ?" ಎಂದು ಕೇಳಿದ. "ನಾನೇ ತೋಡಿದ್ದಲ್ವಾ."

ಅವಳು ಹೂಂ ಎಂದಳು. ಮಂಡಳಿಯ ಬಾಡಿಗೆಯ ಯಂತ್ರ ಗುಡುಗುತ್ತ ಬಂದು, ಬೆಳಿಗ್ಗೆ ಎತ್ತಿದ ಮಣ್ಣನ್ನೆಲ್ಲ ಮೆಲ್ಲನೆ ವಾಪಸು ತಳ್ಳಿ, ಬಕೆಟ್ಟಿನ ಬೆನ್ನಿನಿಂದ ತಟ್ಟಿ ಮಟ್ಟ ಮಾಡಿತು. ಜನ ಒಬ್ಬೊಬ್ಬರಾಗಿ ಗೇಟಿನ ಕಡೆ ಹೊರಟರು. ಮುದುಕ ತಲೆದೆಸೆಗೆ ಗುರುತು ಇಡಲೆಂದು ಕಲ್ಲು ಹುಡುಕಿದ, ಸಿಗಲಿಲ್ಲ. ಮೂಲೆಯ ಕೆಂಪು ಗೂಟವೊಂದನ್ನು ಅಲುಗಿಸಿ ಕಿತ್ತು, ಅಪ್ಪನ ತಲೆ ಇದ್ದ ಕಡೆ ತಂದು ನೆಟ್ಟು, ಗುದ್ದಲಿಯ ಹಿಂಬದಿಯಿಂದ ಬಡಿದ. ಗೂಟ ನೆಟ್ಟಗೆ ನಿಂತಿತು.